ಕಿಟಕಿಯ ಎತ್ತರ

ಬೈತಖೋಲದ ಹಳೆಯ ಸುಂಕದ ಕಚೇರಿ ಆ ವರ್ಷ ಖಾಲಿ ಬಿದ್ದಿತ್ತು.
ಅಣ್ವೇಕರ್ ಸರ್ ಯಾರನ್ನೋ ಕೇಳಿ ಬೀಗದಕೈ ತಂದರು.
ಬಿ.ಎ. ಎರಡನೇ ವರ್ಷ, ಮನಶ್ಶಾಸ್ತ್ರ, ಹದಿನಾಲ್ಕು ಜನ ನಾವು.
ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಚೀಟಿ.
ನನಗೆ ಬಂದದ್ದು: ಒಳಗೆ.
ಶೇವಂತಿಗೆ: ಹೊರಗೆ.

ಅಷ್ಟೇ ಬರೆದಿತ್ತು.
ಅಧಿಕಾರಿ ಎಂದಿರಲಿಲ್ಲ, ಅರ್ಜಿದಾರ ಎಂದಿರಲಿಲ್ಲ.
ಒಳಗಿನವರಿಗೆ ಕುರ್ಚಿ, ಮೊಹರು,
ತಲೆಯ ಮೇಲೆ ಗರಗರ ಫ್ಯಾನು.
ಹೊರಗಿನವರಿಗೆ ಮೂರು ಪುಟದ ಅರ್ಜಿ.
ನಡುವೆ ಮಸುಕು ಗಾಜು, ಅದರ ಬುಡದಲ್ಲಿ
ಅರ್ಧಚಂದ್ರದಷ್ಟು ತೂತು,
ಯಾವ ಪುಣ್ಯಾತ್ಮ ಅಳೆದನೋ, ಹೊಟ್ಟೆಯ ಮಟ್ಟಕ್ಕೆ.
ಮಾತಾಡಬೇಕೆಂದರೆ ಬಾಗಲೇಬೇಕು.

ಮೊದಲು ಬರೀ ನಗೆ.
ಮಿಲಿಂದ ತಳೇಕರ ತೂತಿನಿಂದ ಮೂಗು ತೂರಿಸಿ ಕೋಳಿ ಕೂಗಿದ.
ಆಮೇಲೆ ಯಾವಾಗಲೋ ಗೊತ್ತಿಲ್ಲ,
‘ಲೈನಲ್ಲಿ ನಿಲ್ಲಿ’ ಅಂದಿತು ನನ್ನ ಬಾಯಿ.
ನಿಲ್ಲಿ. ಬಹುವಚನ.
ಬೆಳಿಗ್ಗೆ ಬಸ್ಸಿನಲ್ಲಿ ಅವಳು ನನಗೆ ‘ಏ ಶೇವೂ’ ಆಗಿದ್ದಳು.

ಪೆನ್ನಿನ ಮುಚ್ಚಳ ಕಚ್ಚುವುದನ್ನು ಎಲ್ಲಿ ಕಲಿತೆ?
ಕಾಗದವನ್ನು ಓದದೆ ತಿರುಗಿಸುವುದನ್ನು?
ನಮ್ಮ ಮನೆಯಲ್ಲಿ ಕಚೇರಿಗೆ ಹೋದವರೇ ಇಲ್ಲ,
ಅಪ್ಪನದು ಕೋಡಿಬಾಗದಲ್ಲಿ ಸೈಕಲ್ ರಿಪೇರಿ.
ಬೀರಾ ಗೌಡ ಹೊರಗಿನವನು,
ಯಾರೂ ಹೇಳದೆ ಒಳಗಿನವರಿಗೆ ಚಹಾ ತಂದ.
ಕುಡಿದೆವು.
ದುಡ್ಡು ಯಾರದೆಂದು ಕೇಳಲಿಲ್ಲ.

ಶೇವಂತಿಯ ಸರದಿ.
ದುಪಟ್ಟಾದ ಅಡಿಯಿಂದ ಪ್ಲಾಸ್ಟಿಕ್ ಚೀಲ,
ಅದರೊಳಗೆ ಇನ್ನೊಂದು ಚೀಲ.
ಕೇಳುವ ಮೊದಲೇ ಅಸಲು ಮುಂದೆ, ಪ್ರತಿ ಹಿಂದೆ,
ಸಹಿಯ ಜಾಗದ ಪಕ್ಕ ಹೆಬ್ಬೆರಳು.
ಬೆನ್ನು ಎಷ್ಟು ಬಾಗಬೇಕೋ ಅಷ್ಟೇ ಬಾಗಿತ್ತು,
ಒಂದು ಬೊಟ್ಟು ಹೆಚ್ಚಿಲ್ಲ.
‘ನಾಳೆ ಬನ್ನಿ’ ಎಂದೆ.
ಹೂಂ ಎಂದಳು. ಯಾಕೆ ಎನ್ನಲಿಲ್ಲ.
ಹೋಗಿ ಬಾಗಿಲ ಬದಿಯ ಕಟ್ಟೆಯ ಮೇಲೆ ಕುಳಿತಳು,
ಚಪ್ಪಲಿ ಬಿಟ್ಟು.

ಎಂಥಾ ಅಭಿನಯ ಮಾರಾಯ್ತಿ, ಎಂದರು ಎಲ್ಲರೂ.
ಸರ್ ವಹಿಯಲ್ಲಿ ಬರೆದುಕೊಂಡರು:
ಪಾತ್ರಕ್ಕೆ ಹೊಂದಿಕೊಳ್ಳಲು ಹಿಡಿದ ಸಮಯ, ಎಂಟು ನಿಮಿಷ.

ಎಂಟು ನಿಮಿಷ!
ಅರ್ಗಾದ ಕಡೆಯ ಮನೆ ನೌಕಾನೆಲೆಗೆ ಹೋದ ಮೇಲೆ
ಪರಿಹಾರದ ಕಾಗದ ಹಿಡಿದು ತಾಯಿ ನಿಂತ ಕಿಟಕಿಗಳಲ್ಲಿ
ಮೊದಲು ಸೊಂಟದ ಮೇಲಿದ್ದಳಂತೆ ಅವಳು,
ಆಮೇಲೆ ಸೆರಗು ಹಿಡಿದು ಪಕ್ಕದಲ್ಲಿ,
ಆಮೇಲೆ ಅಕ್ಷರ ಓದಿ ಹೇಳುವವಳಾಗಿ ಮುಂದೆ.
ಇದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ,
ಏನೋ ಬೇರೆ ಮಾತಿನ ನಡುವೆ,
ಬಾಂಗಡೆಯ ಕಿವಿರು ಕೀಳುತ್ತ.

ಆ ದಿನ ಐದಕ್ಕೆ ಸೀಟಿ. ಮುಗಿಯಿತು, ಕೈಕುಲುಕಿ ಎಂದರು ಸರ್.
ಕಡಲ ದಂಡೆಯ ಗಾಡಿಯಲ್ಲಿ ಬನ್ಸ್ ತಿಂದೆವು.
ನಾನು ಕುಳಿತುಕೋ ಎನ್ನುವ ತನಕ ಅವಳು ನಿಂತೇ ಇದ್ದಳೆ?
ನೆನಪಿಲ್ಲ.
ನೆನಪಿಲ್ಲ ಎನ್ನುವುದನ್ನೂ
ಆ ಕುರ್ಚಿಯಲ್ಲೇ ಕಲಿತಿರಬೇಕು.

ಮರುದಿನ ಅದಲು ಬದಲು.
ಕುರ್ಚಿ ಅವಳದು, ಮೂರು ಪುಟ ನನ್ನದು.
ಬಾಗಿದೆ.
ಅಲ್ಲಿಂದ ಮನುಷ್ಯರು ಪೂರ್ತಿ ಕಾಣುವುದಿಲ್ಲ.
ಒಂದು ಕೈ, ಒಂದು ಮೊಹರು,
ಗದ್ದದ ಕೆಳಗೆ ನನಗೆ ಗೊತ್ತಿದ್ದ ಮಚ್ಚೆ.
ನನ್ನ ಅರ್ಜಿಯನ್ನು ಓದದೆ ತಿರುಗಿಸಿದಳು.
ಮುಚ್ಚಳ ಕಚ್ಚಿದ ಕಟ್ ಸದ್ದು.
‘ನಾಳೆ ಬನ್ನಿ.’
ನನ್ನದೇ ರಾಗ, ನನ್ನದೇ ಬಹುವಚನ.
ನಕ್ಕಳೆ?
ಕಣ್ಣು ಗಾಜಿನ ಆಚೆ ಇದ್ದವು.

ಪ್ರಯೋಗ ಎರಡೇ ದಿನದ್ದು. ನಾಳೆ ಎಂಬುದೇ ಇರಲಿಲ್ಲ.
ಆದರೂ ಹೂಂ ಎಂದೆ,
ಕಾಗದ ಮಡಚಿ ಹೋಗಿ ಕಟ್ಟೆಯ ಮೇಲೆ ಕುಳಿತೆ.
ಕಾಲಿಗೆ ನೆಲ ತಣ್ಣಗೆ ತಾಗಿದಾಗ ಗೊತ್ತಾಯಿತು,
ಚಪ್ಪಲಿ ಬಿಟ್ಟಿದ್ದೆ.